ಕಂಪ್ಯೂಟರ್ ಪದೇ ಪದೇ ಕೈಕೊಡುತ್ತಿದ್ದರೆ ಮೊದಲು ರ‍್ಯಾಮ್ ನೋಡಿ

ರಾಣೆಬೆನ್ನೂರಿನಲ್ಲಿ ನಮ್ಮ ಮಾವನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಅರ್ಜಿ, ಬಿಲ್ ಪುಸ್ತಕ, ಚುನಾವಣೆ ಬಂದರೆ ಕರಪತ್ರ. ಇರುವುದು ಒಂದೇ ಡೆಸ್ಕ್‌ಟಾಪ್. ಅದು ಒಮ್ಮೆ ಕೆಲಸದ ನಡುವೆ ನೀಲಿ ಪರದೆ ತೋರಿಸಿ ನಿಂತುಬಿಡಲು ಶುರು ಮಾಡಿತು. ಮೊದಲು ವಾರಕ್ಕೊಂದು ಸಲ, ಆಮೇಲೆ ದಿನಕ್ಕೆರಡು ಸಲ. ರಿಪೇರಿಯವರು ಬಂದು ಫಾರ್ಮ್ಯಾಟ್ ಮಾಡಿದರು. ನಾಲ್ಕು ದಿನ ಚೆನ್ನಾಗಿತ್ತು, ಮತ್ತೆ ಅದೇ. ಇನ್ನೊಂದು ಸಲ ಫಾರ್ಮ್ಯಾಟ್. ಆಮೇಲೆ ‘ಹಾರ್ಡ್ ಡಿಸ್ಕ್ ಹೋಗಿರಬೇಕು’ ಅಂದರು, ಹೊಸ ಎಸ್‌ಎಸ್‌ಡಿ ಹಾಕಿಸಿದ್ದೂ ಆಯಿತು. ‘ಮತ್ತ ನೀಲಿ ಆತು ನೋಡಪಾ’ ಅಂತ ಮಾವ ನನಗೆ ಫೋನ್ ಮಾಡುವ ಹೊತ್ತಿಗೆ ಹೊಸ ಸಿಸ್ಟಮ್‌ಗೆ ಕೊಟೇಶನ್ ತರಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದರು.

ಕೆಟ್ಟಿದ್ದು ಗೇಣಿಗಿಂತ ಚಿಕ್ಕದಾದ ಒಂದು ಪಟ್ಟಿ. ರ‍್ಯಾಮ್. ಎರಡು ಪಟ್ಟಿಗಳಲ್ಲಿ ಒಂದು. ಆ ಎರಡು ಫಾರ್ಮ್ಯಾಟ್, ಆ ಎಸ್‌ಎಸ್‌ಡಿ ಯಾವುದೂ ಬೇಕಿರಲಿಲ್ಲ, ಒಂದು ರಾತ್ರಿಯ ಪುಕ್ಕಟೆ ಪರೀಕ್ಷೆ ಸಾಕಿತ್ತು. ಆ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಸ್ಕ್ರೂ ಬಿಚ್ಚಿ ಪಟ್ಟಿ ಬದಲಿಸುವುದೂ ಕಷ್ಟದ್ದೇನಲ್ಲ. ಹಾಗಾಗಿ ಬುಡದಿಂದ ಹೇಳುತ್ತೇನೆ.

## ಈಗ ಯಾಕೆ ಈ ಮಾತು

ಮೊದಲೆಲ್ಲ ಅನುಮಾನ ಬಂದರೆ ‘ಸುಮ್ನೆ ಒಂದು ಹೊಸ ರ‍್ಯಾಮ್ ಹಾಕಿ ನೋಡಿ’ ಅನ್ನಬಹುದಿತ್ತು, ಕಂಪ್ಯೂಟರಿನ ಭಾಗಗಳಲ್ಲಿ ಅದು ಅಷ್ಟು ಅಗ್ಗವಾಗಿತ್ತು. 2025ರ ಕೊನೆಯ ತಿಂಗಳುಗಳಿಂದ ಆ ಮಾತು ನಡೆಯುತ್ತಿಲ್ಲ. ಬೆಲೆ ಜೋರಾಗಿ ಏರಿತು.

ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ದೊಡ್ಡ ಪಾಲು ತಯಾರಿಸುವುದು ಮೂರು ಕಂಪನಿಗಳು: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಎಐ ಕೆಲಸಕ್ಕೆ ಕಟ್ಟುತ್ತಿರುವ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳಿಗೆ ಮೆಮೊರಿ ವಿಪರೀತ ಬೇಕು, ಅವರು ಕೊಡುವ ಬೆಲೆಯೂ ಜಾಸ್ತಿ. ಮೂವರೂ ತಮ್ಮ ಕಾರ್ಖಾನೆಗಳನ್ನು ಆ ಕಡೆ ತಿರುಗಿಸಿದರು. ಊರಿನ ಹಾಲೆಲ್ಲ ಸಿಹಿ ಅಂಗಡಿಗೆ ಹೋದರೆ ಮನೆಗೆ ತರುವ ಹಾಲಿನ ರೇಟು ಏರುತ್ತದಲ್ಲ, ಹಾಗೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ನಿಮ್ಮಂಥವರು ಅಂಗಡಿಯಲ್ಲಿ ಕೊಳ್ಳುತ್ತಿದ್ದ ‘ಕ್ರೂಶಿಯಲ್’ ಹೆಸರಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು.

ಇಂಥ ಹೊತ್ತಿನಲ್ಲಿ ಚೆನ್ನಾಗಿರುವ ಪಟ್ಟಿಯನ್ನು ಕೆಟ್ಟಿದೆ ಅಂತ ಬಿಸಾಡುವುದೂ ನಷ್ಟ, ಕೆಟ್ಟದ್ದನ್ನು ಗುರುತಿಸದೆ ಬೇರೆ ಭಾಗ ಬದಲಿಸುತ್ತಾ ಹೋಗುವುದೂ ನಷ್ಟ.

## ರ‍್ಯಾಮ್ ಅಂದರೆ ಅಡುಗೆ ಕಟ್ಟೆ

ಅಡುಗೆಮನೆ ನೆನಪು ಮಾಡಿಕೊಳ್ಳಿ. ಅಕ್ಕಿ ಬೇಳೆ ಎಲ್ಲ ಕಪಾಟಿನ ಡಬ್ಬಿಗಳಲ್ಲಿರುತ್ತವೆ. ಅಡುಗೆ ಮಾಡುವಾಗ ಬೇಕಾದಷ್ಟನ್ನು ಮಾತ್ರ ತೆಗೆದು ಕಟ್ಟೆಯ ಮೇಲೆ ಇಟ್ಟುಕೊಳ್ಳುತ್ತೇವೆ, ಅಲ್ಲೇ ಹೆಚ್ಚಿ, ಅಲ್ಲೇ ಕಲಸುತ್ತೇವೆ. ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಆ ಕಪಾಟು. ರ‍್ಯಾಮ್ ಆ ಕಟ್ಟೆ. ನೀವು ತೆರೆದ ಫೋಟೊ, ಟೈಪ್ ಮಾಡುತ್ತಿರುವ ಪತ್ರ, ವಿಂಡೋಸ್‌ನ ಕೆಲಸ ಮಾಡುವ ಭಾಗಗಳು ಎಲ್ಲವೂ ಮೊದಲು ಕಟ್ಟೆಗೆ ಬರಬೇಕು. ಕಟ್ಟೆ ದೊಡ್ಡದಿದ್ದಷ್ಟೂ ಒಟ್ಟಿಗೆ ಹೆಚ್ಚು ಕೆಲಸ ಹರಡಿಕೊಳ್ಳಬಹುದು.

ಒಂದು ವ್ಯತ್ಯಾಸ ಇದೆ. ಈ ಕಟ್ಟೆಯ ಮೇಲಿರುವುದು ಕರೆಂಟ್ ಇರುವ ತನಕ ಮಾತ್ರ ಇರುತ್ತದೆ. ಕರೆಂಟ್ ಹೋದಾಗ ಸೇವ್ ಮಾಡದ ಕೆಲಸ ಹೋಗುವುದು ಇದಕ್ಕೇ.

ಯಾಕೆ ಹಾಗೆ? ರ‍್ಯಾಮ್ ಚಿಪ್‌ನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿವೆ. ಒಂದೊಂದರಲ್ಲೂ ಒಂದು ಪುಟ್ಟ ಚೊಂಬಿನಂಥದ್ದು, ಅದಕ್ಕೊಂದು ಬಾಗಿಲು. ಚೊಂಬು ಅಂದರೆ ಕೆಪಾಸಿಟರ್, ಬಾಗಿಲು ಅಂದರೆ ಟ್ರಾನ್ಸಿಸ್ಟರ್. ಚೊಂಬಿನಲ್ಲಿ ವಿದ್ಯುತ್ ತುಂಬಿದ್ದರೆ 1 ಅಂತ ಓದಬೇಕು, ಖಾಲಿ ಇದ್ದರೆ 0. ಐಬಿಎಂನಲ್ಲಿದ್ದ ರಾಬರ್ಟ್ ಡೆನಾರ್ಡ್ ಎಂಬ ಎಂಜಿನಿಯರ್ 1966ರಲ್ಲಿ ಈ ಉಪಾಯ ಕಂಡುಹಿಡಿದರು, 1968ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ನಮ್ಮ ರ‍್ಯಾಮ್ ನಡೆಯುವುದು ಅದೇ ಲೆಕ್ಕದಲ್ಲಿ.

ಈ ಚೊಂಬುಗಳೆಲ್ಲ ಸ್ವಲ್ಪ ಸೋರುತ್ತವೆ. ತುಂಬಿಟ್ಟದ್ದು ಹಾಗೇ ಇರುವುದಿಲ್ಲ. ಅದಕ್ಕಾಗಿ ಪ್ರತಿ ಚೊಂಬನ್ನೂ ಓದಿ ಮತ್ತೆ ತುಂಬಿಸುತ್ತಲೇ ಇರಬೇಕು. ಡಿಡಿಆರ್4 ತಲೆಮಾರಿನ ವರೆಗಿನ ರ‍್ಯಾಮ್‌ಗಳಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 15 ಸಲ ಇದು ನಡೆಯುತ್ತದೆ. 8 ಜಿಬಿಯ ಒಂದು ಪಟ್ಟಿಯಲ್ಲಿ ಇಂಥ ಕೋಶಗಳು 6,800 ಕೋಟಿಗೂ ಹೆಚ್ಚು! ಅಷ್ಟರಲ್ಲಿ ಒಂದು ಚೊಂಬು ಬೇಕಾದ್ದಕ್ಕಿಂತ ಬೇಗ ಸೋರಿದರೂ ಅಲ್ಲಿದ್ದ 1 ಹೋಗಿ 0 ಆಗುತ್ತದೆ.

## ಒಂದು ಬಿಟ್ ಬದಲಾದರೆ ಏನಾಗುತ್ತದೆ

ಈ 0 ಅಥವಾ 1ರ ಒಂದು ಮನೆಗೆ ಬಿಟ್ ಅಂತಾರೆ. ಒಂದೇ ಒಂದು ಬಿಟ್, ಅದರಿಂದ ಏನು ಮಹಾ ಅನ್ನಿಸಬಹುದು ಅಲ್ವಾ?

ನಮ್ಮ ಅಕ್ಷರಗಳನ್ನೇ ನೋಡಿ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ‘ಕ’ ಅಕ್ಷರದ ಸಂಖ್ಯೆ 3221, ‘ಗ’ ಅಕ್ಷರದ್ದು 3223. ಇವನ್ನು ಕಂಪ್ಯೂಟರ್ ಬರೆದುಕೊಳ್ಳುವ ಹಾಗೆ 0 ಮತ್ತು 1ರಲ್ಲಿ ಬರೆದರೆ ‘ಕ’ದ ಕೊನೆಯ ಎಂಟು ಮನೆ 10010101, ‘ಗ’ದ್ದು 10010111. ಕೊನೆಯಿಂದ ಎರಡನೇ ಮನೆ ಮಾತ್ರ ಬೇರೆ. ಅಂದರೆ ರ‍್ಯಾಮ್‌ನಲ್ಲಿ ಆ ಒಂದು ಚೊಂಬು ಸೋರಿದರೆ ಲಗ್ನಪತ್ರಿಕೆಯ ‘ಗಂಡು’ ಹೋಗಿ ‘ಕಂಡು’ ಆಗುತ್ತದೆ. ಅದನ್ನು ನೀವು ಸೇವ್ ಮಾಡಿದಿರೋ, ತಪ್ಪು ಅಕ್ಷರ ಡಿಸ್ಕಿಗೆ ಹೋಗಿ ಶಾಶ್ವತವಾಗಿ ಕೂರುತ್ತದೆ. ಡಿಸ್ಕ್‌ಗೆ ಗೊತ್ತಿಲ್ಲ, ಅದಕ್ಕೆ ಕೊಟ್ಟದ್ದನ್ನು ಅದು ಬರೆದುಕೊಂಡಿತು ಅಷ್ಟೆ.

ಅಕ್ಷರ ಆದರೆ ಕಣ್ಣಿಗೆ ಬಿದ್ದೀತು. ಫೋಟೊದ ನಡುವೆ ಬದಲಾದರೆ ಅರ್ಧ ಚಿತ್ರ ಬಣ್ಣ ಕೆಟ್ಟು ಪಟ್ಟೆ ಪಟ್ಟೆಯಾಗುತ್ತದೆ. ಲೆಕ್ಕದ ಸಂಖ್ಯೆಯಲ್ಲಿ ಬದಲಾದರೆ? 2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನ ಸ್ಕಾರ್‌ಬೇಕ್ ಎಂಬಲ್ಲಿ ಚುನಾವಣೆಯ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚಾಗಿ ಬಂದಿತ್ತು. ಬರಲು ಸಾಧ್ಯವೇ ಇಲ್ಲದಷ್ಟು ಮತ ಆದ್ದರಿಂದ ಸಿಕ್ಕಿಬಿತ್ತು. 4,096 ಅಂದರೆ ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ, ಒಂದು ಬಿಟ್ 0ಯಿಂದ 1ಕ್ಕೆ ತಿರುಗಿದರೆ ಸರಿಯಾಗಿ ಅಷ್ಟೇ ಏರುತ್ತದೆ. ಪರೀಕ್ಷಿಸಿದವರು ಒಂದು ಬಿಟ್ ತಾನಾಗಿ ತಿರುಗಿರಬೇಕು ಎಂಬ ತೀರ್ಮಾನಕ್ಕೆ ಬಂದರು.

ಇನ್ನು ಆ ಬಿಟ್ ವಿಂಡೋಸ್‌ನದೇ ಯಾವುದೋ ಆದೇಶದ ನಡುವೆ ಇದ್ದರೆ, ಸಿಸ್ಟಮ್‌ಗೆ ಮುಂದೆ ಏನು ಮಾಡಬೇಕೋ ತಿಳಿಯದೆ ನಿಂತುಬಿಡುತ್ತದೆ. ಅದೇ ನೀಲಿ ಪರದೆ. ವಿಂಡೋಸ್ 11ರ ಹೊಸ ಅಪ್‌ಡೇಟ್‌ಗಳಲ್ಲಿ ಅದು ಕಪ್ಪು ಪರದೆ ಆಗಿದೆ, ಅರ್ಥ ಒಂದೇ.

ಬಿಟ್ ಯಾಕೆ ತಿರುಗುತ್ತದೆ ಅಂದರೆ ಎರಡು ಬಗೆ. ಒಂದು, ಆಕಾಶದಿಂದ ಬರುವ ಕಣಗಳು ತಾಕಿ ಒಮ್ಮೆ ಆಗುವ ತಪ್ಪು. ಅದರಿಂದ ಚಿಪ್ ಕೆಡುವುದಿಲ್ಲ, ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಇನ್ನೊಂದು, ಕೋಶವೇ ಹಾಳಾಗಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಆಗುವ ತಪ್ಪು. ಗೂಗಲ್ ಮತ್ತು ಟೊರಾಂಟೊ ವಿಶ್ವವಿದ್ಯಾಲಯದವರು ಗೂಗಲ್‌ನ ಸರ್ವರ್‌ಗಳನ್ನು ಹತ್ತಿರ ಹತ್ತಿರ ಎರಡೂವರೆ ವರ್ಷ ಗಮನಿಸಿ 2009ರಲ್ಲಿ ವರದಿ ಕೊಟ್ಟರು: ವರ್ಷಕ್ಕೆ ನೂರರಲ್ಲಿ 8ಕ್ಕೂ ಹೆಚ್ಚು ಪಟ್ಟಿಗಳಲ್ಲಿ ತಪ್ಪು ಕಂಡುಬಂದಿತ್ತು, ಒಮ್ಮೆ ತಪ್ಪು ಮಾಡಿದ ಪಟ್ಟಿಯೇ ಮತ್ತೆ ತಪ್ಪು ಮಾಡುವ ಸಂಭವ ತುಂಬಾ ಜಾಸ್ತಿಯಿತ್ತು. ಸರ್ವರ್‌ಗಳಲ್ಲಿ ಇಂಥ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಎಂಬ ರ‍್ಯಾಮ್ ಇರುತ್ತದೆ. ನಮ್ಮ ಮನೆ ಅಂಗಡಿಗಳ ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

## ರ‍್ಯಾಮ್ ಮೇಲೆ ಯಾವಾಗ ಅನುಮಾನ ಪಡಬೇಕು

ಕೆಟ್ಟ ರ‍್ಯಾಮ್‌ನ ಗುರುತು ಅಂದರೆ ಅದಕ್ಕೊಂದು ಕ್ರಮವೇ ಇರುವುದಿಲ್ಲ. ಇವತ್ತು ಬ್ರೌಸರ್ ಮುಚ್ಚಿಹೋಯಿತು, ನಾಳೆ ಫೋಟೊಶಾಪ್, ನಾಡಿದ್ದು ಏನೂ ಮಾಡದೆ ಸುಮ್ಮನಿದ್ದಾಗ ರೀಸ್ಟಾರ್ಟ್. ಯಾವಾಗಲೂ ಒಂದೇ ಪ್ರೋಗ್ರಾಂ ತೆರೆದಾಗ ಮಾತ್ರ ತೊಂದರೆ ಆದರೆ ತಪ್ಪು ಬಹುಶಃ ಆ ಪ್ರೋಗ್ರಾಂನಲ್ಲೇ ಇದೆ. ನೀಲಿ ಪರದೆಯಲ್ಲಿ ಕೆಳಗೆ ಸಣ್ಣದಾಗಿ ಒಂದು ಹೆಸರು ಬರುತ್ತದೆ, ಅದನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ‘ಮೆಮೊರಿ ಮ್ಯಾನೇಜ್‌ಮೆಂಟ್’, ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಇವು ಪದೇ ಪದೇ, ಅದರಲ್ಲೂ ಒಂದು ಸಲ ಇದು ಇನ್ನೊಂದು ಸಲ ಅದು ಅಂತ ಬದಲಾಗಿ ಬರುತ್ತಿದ್ದರೆ ರ‍್ಯಾಮ್ ಕಡೆ ತಿರುಗಿ ನೋಡಬೇಕು. ಜಿಪ್ ಫೈಲ್ ಬಿಚ್ಚುವಾಗ ‘ಸಿಆರ್‌ಸಿ ಎರರ್’, ವಿಂಡೋಸ್ ಹಾಕುವಾಗಲೇ ಅರ್ಧಕ್ಕೆ ನಿಲ್ಲುವುದು, ಇವೂ ಅದೇ ಜಾತಿ.

ಕೆಲವು ಸಲ ಕಂಪ್ಯೂಟರ್ ಶುರುವೇ ಆಗುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಒಳಗಿಂದ ಬೀಪ್ ಬೀಪ್ ಸದ್ದು. ಬೀಪ್‌ನ ಲೆಕ್ಕ ಮದರ್‌ಬೋರ್ಡಿನಿಂದ (ಎಲ್ಲ ಭಾಗಗಳೂ ಕೂರುವ ದೊಡ್ಡ ಹಲಗೆ) ಮದರ್‌ಬೋರ್ಡಿಗೆ ಬೇರೆ, ಹಾಗಾಗಿ ಅದರ ಪುಸ್ತಕ ನೋಡಬೇಕು. ಈಚಿನ ಹಲವು ಬೋರ್ಡ್‌ಗಳಲ್ಲಿ ಬೀಪ್ ಬದಲು ಪುಟ್ಟ ದೀಪಗಳಿರುತ್ತವೆ, ‘ಡಿರ‍್ಯಾಮ್’ ಅಂತ ಬರೆದಿರುವ ದೀಪ ಉರಿಯುತ್ತಾ ನಿಂತರೆ ಅದು ಮೆಮೊರಿ ಹತ್ತಿರವೇ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ.

ಆದರೆ ಇದೇ ಲಕ್ಷಣಗಳನ್ನು ಬೇರೆಯವೂ ತೋರಿಸುತ್ತವೆ. ಒಳಗೆ ಎಲ್ಲಕ್ಕೂ ಕರೆಂಟ್ ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆ ಸೋತಿದ್ದರೆ, ಪ್ರೊಸೆಸರ್ ಫ್ಯಾನಿನಲ್ಲಿ ಧೂಳು ತುಂಬಿ ಕಾಯುತ್ತಿದ್ದರೆ, ಎಸ್‌ಎಸ್‌ಡಿ ಸಾಯುತ್ತಿದ್ದರೆ ಕೂಡ ಹೀಗೇ ಆಗಬಹುದು. ಮಾವನ ಅಂಗಡಿಗೆ ಬಂದ ರಿಪೇರಿಯವರ ತಪ್ಪು ಎಸ್‌ಎಸ್‌ಡಿ ಮೇಲೆ ಅನುಮಾನ ಪಟ್ಟದ್ದಲ್ಲ, ಪರೀಕ್ಷಿಸದೆ ಬದಲಿಸಿದ್ದು. ಇನ್ನೊಂದು ಮಾತು: ಕಂಪ್ಯೂಟರ್ ನಿಧಾನ ಆಗಿದೆ ಅನ್ನುವುದು ರ‍್ಯಾಮ್ ಕೆಟ್ಟಿರುವ ಗುರುತಲ್ಲ. ಅದು ಸಾಲುತ್ತಿಲ್ಲ ಅನ್ನುವುದರ ಗುರುತು ಇರಬಹುದು. ಎರಡೂ ಬೇರೆ.

## ಎಲ್ಲಕ್ಕಿಂತ ಮೊದಲು ಫೈಲ್‌ಗಳು

ಇದನ್ನು ಸ್ವಲ್ಪ ನಿಂತು ಓದಿ, ಯಾಕೆಂದರೆ ಜನ ಇಲ್ಲೇ ಕಳೆದುಕೊಳ್ಳುವುದು. ಕಂಪ್ಯೂಟರ್ ಕೈಕೊಡುತ್ತಿದೆ ಅಂದಾಗ ತಕ್ಷಣ ಬ್ಯಾಕಪ್ ತೆಗೆಯಬೇಕು ಅನ್ನಿಸುತ್ತದೆ. ಸರಿಯೇ. ಆದರೆ ಪೆನ್‌ಡ್ರೈವ್‌ಗೆ ಕಾಪಿ ಆಗುವ ಪ್ರತಿ ಫೈಲೂ ಅದೇ ಕೆಟ್ಟ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ದಾರಿಯಲ್ಲಿ ಬಿಟ್ ತಿರುಗಿದರೆ ಬ್ಯಾಕಪ್ ಪ್ರತಿಯೂ ಕೆಟ್ಟದ್ದೇ. ಹಳೆಯ ಒಳ್ಳೆಯ ಬ್ಯಾಕಪ್ ಇದ್ದು, ಅದರ ಮೇಲೇ ಈ ಹೊಸದನ್ನು ಬರೆದುಬಿಟ್ಟರೆ ಇದ್ದದ್ದೂ ಹೋಯಿತು.

ಹಾಗಾಗಿ ಹಳೆಯ ಬ್ಯಾಕಪ್ ಮುಟ್ಟಬೇಡಿ. ಹೊಸದನ್ನು ಬೇರೆ ಡಿಸ್ಕ್‌ಗೇ ತೆಗೆಯಿರಿ. ಇನ್ನೂ ಒಳ್ಳೆಯದು ಅಂದರೆ ಮುಂದೆ ಹೇಳುವ ಹಾಗೆ ಕೆಟ್ಟ ಪಟ್ಟಿ ಯಾವುದು ಅಂತ ಕಂಡುಕೊಂಡು, ಅದನ್ನು ಕಳಚಿ, ಒಳ್ಳೆಯ ಪಟ್ಟಿ ಒಂದರಲ್ಲೇ ಕಂಪ್ಯೂಟರ್ ನಡೆಸಿ ಆಮೇಲೆ ಕಾಪಿ ಮಾಡುವುದು. ಅಥವಾ ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ ಕಾಪಿ ಮಾಡುವುದು. ಮತ್ತೆ, ಪತ್ತೆ ಆಗುವ ತನಕ ಫಾರ್ಮ್ಯಾಟ್ ಬೇಡ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ವಿಂಡೋಸ್ ಹಾಕಿದರೆ ಹೊಸ ವಿಂಡೋಸ್‌ನ ಫೈಲ್‌ಗಳೂ ಕೆಟ್ಟೇ ಕೂರುತ್ತವೆ.

## ಒಂದು ರಾತ್ರಿಯ ಪರೀಕ್ಷೆ

ಸುಲಭದ್ದು ವಿಂಡೋಸ್‌ನಲ್ಲೇ ಇದೆ. ಸ್ಟಾರ್ಟ್ ಮೆನುವಿನಲ್ಲಿ ಇಂಗ್ಲಿಷಿನಲ್ಲಿ ‘ಮೆಮೊರಿ’ ಅಂತ ಟೈಪ್ ಮಾಡಿದರೆ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಕಾಣುತ್ತದೆ. ಒತ್ತಿದರೆ ರೀಸ್ಟಾರ್ಟ್ ಆಗಿ ತಾನೇ ಪರೀಕ್ಷೆ ಮಾಡುತ್ತದೆ. ಪರೀಕ್ಷೆ ನಡೆಯುವಾಗ ಎಫ್1 ಒತ್ತಿ ‘ಎಕ್ಸ್‌ಟೆಂಡೆಡ್’ ಆರಿಸಿಕೊಂಡರೆ ಇನ್ನೂ ಆಳವಾಗಿ ನೋಡುತ್ತದೆ, ಹೊತ್ತು ಜಾಸ್ತಿ ಬೇಕು. ಇದು ತಪ್ಪು ತೋರಿಸಿದರೆ ನಂಬಿ. ಏನೂ ಇಲ್ಲ ಅಂದರೆ ಪೂರ್ತಿ ನಂಬಬೇಡಿ, ಇದರ ಕಣ್ಣು ತಪ್ಪಿಸಿಕೊಳ್ಳುವ ದೋಷಗಳಿವೆ.

ನಾನು ನೆಚ್ಚುವುದು ‘ಮೆಮ್‌ಟೆಸ್ಟ್86+’ ಎಂಬ ಪ್ರೋಗ್ರಾಂ. ಪುಕ್ಕಟೆ, ಮುಕ್ತ ತಂತ್ರಾಂಶ. ಬಹುತೇಕ ಅದೇ ಹೆಸರಿನ, ಕೊನೆಯಲ್ಲಿ ಪ್ಲಸ್ ಇಲ್ಲದ ಇನ್ನೊಂದೂ ಇದೆ, ಪಾಸ್‌ಮಾರ್ಕ್ ಕಂಪನಿಯದು, ಅದರ ಪುಕ್ಕಟೆ ಆವೃತ್ತಿಯೂ ಚೆನ್ನಾಗಿದೆ. ಎರಡೂ ವಿಂಡೋಸ್ ಒಳಗೆ ನಡೆಯುವುದಿಲ್ಲ. ಅದಕ್ಕೆ ಕಾರಣ ಇದೆ: ವಿಂಡೋಸ್ ಓಡುತ್ತಿದ್ದರೆ ಕಟ್ಟೆಯ ಒಂದಷ್ಟು ಜಾಗ ಅದೇ ಹಿಡಿದಿರುತ್ತದೆ, ಪಾತ್ರೆ ಇಟ್ಟ ಜಾಗದ ಕೆಳಗೆ ಬಿರುಕಿದೆಯಾ ಅಂತ ನೋಡುವುದು ಹೇಗೆ? ಹಾಗಾಗಿ ಒಂದು ಪೆನ್‌ಡ್ರೈವ್‌ಗೆ ಇದನ್ನು ಹಾಕಿಕೊಂಡು ಅದರಿಂದಲೇ ಕಂಪ್ಯೂಟರ್ ಶುರು ಮಾಡಬೇಕು. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿಯದ್ದನ್ನೇ ತಗೊಳ್ಳಿ. ತಯಾರು ಮಾಡಲು ಬೇರೆ ಕಂಪ್ಯೂಟರ್ ಇದ್ದರೆ ಒಳ್ಳೆಯದು.

ಆನ್ ಮಾಡಿದ ಕೂಡಲೇ ಎಫ್12, ಎಫ್11, ಎಫ್8 ಹೀಗೆ ನಿಮ್ಮ ಬೋರ್ಡಿಗೆ ತಕ್ಕ ಕೀ ಒತ್ತಿದರೆ ಯಾವುದರಿಂದ ಶುರು ಮಾಡಬೇಕು ಅಂತ ಕೇಳುತ್ತದೆ, ಪೆನ್‌ಡ್ರೈವ್ ಆರಿಸಿ. ಬಿಡದಿದ್ದರೆ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನದೇ ಸೆಟ್ಟಿಂಗ್ ಪುಟ) ಒಳಗೆ ಹೋಗಿ ‘ಸೆಕ್ಯೂರ್ ಬೂಟ್’ ಅನ್ನು ಸ್ವಲ್ಪ ಹೊತ್ತು ಆಫ್ ಮಾಡಬೇಕಾಗಬಹುದು. ನಿಮ್ಮ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ ಅದಕ್ಕೂ ಮೊದಲು ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಆಮೇಲೆ ವಿಂಡೋಸ್ ಅದನ್ನು ಕೇಳಬಹುದು.

ಇದು ಮಾಡುವ ಕೆಲಸ ಸರಳ. ಪ್ರತಿ ಕೋಶದಲ್ಲೂ 1 ಬರೆದು ಓದುತ್ತದೆ, 0 ಬರೆದು ಓದುತ್ತದೆ, ಪಕ್ಕದ ಮನೆಗಳಲ್ಲಿ ಬೇರೆ ಬೇರೆ ನಮೂನೆ ತುಂಬಿ ಒಂದರಿಂದ ಇನ್ನೊಂದು ಕೆಡುತ್ತದೆಯಾ ಅಂತ ನೋಡುತ್ತದೆ. ಇಡೀ ರ‍್ಯಾಮ್ ಒಂದು ಸುತ್ತು ಮುಗಿಸುವುದಕ್ಕೆ ಒಂದು ‘ಪಾಸ್’ ಅಂತಾರೆ. ಹಳೆಯ ಕಂಪ್ಯೂಟರಿನಲ್ಲಿ 8 ಜಿಬಿಗೆ ಒಂದು ಪಾಸ್ ಮುಗಿಯಲು ಗಂಟೆಗೂ ಹೆಚ್ಚು ಬೇಕಾಗಬಹುದು. ನಾಲ್ಕು ಪಾಸ್ ಆದರೂ ನಡೆಯಲಿ. ಚಿಪ್ ಕಾದ ಮೇಲೆ ಮಾತ್ರ ತೋರುವ ದೋಷಗಳಿರುತ್ತವೆ, ಅದಕ್ಕೇ ರಾತ್ರಿ ಹಚ್ಚಿ ಮಲಗುವುದು ವಾಸಿ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇರಲಿ, ಮಧ್ಯೆ ನಿಂತರೆ ಮತ್ತೆ ಮೊದಲಿಂದ.

ಮಾವನ ಕಂಪ್ಯೂಟರಿನಲ್ಲಿ ಮೂರನೇ ಪಾಸ್‌ವರೆಗೆ ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಪರದೆ ತುಂಬಾ ಕೆಂಪು ಸಾಲುಗಳು. ತಪ್ಪು ಎಷ್ಟು ಬಂದರೆ ಕೆಟ್ಟಿದೆ ಅನ್ನಬೇಕು ಅಂತ ಮಾವ ಕೇಳಿದರು. ಒಂದು ಬಂದರೂ ಸಾಕು. ಒಳ್ಳೆಯ ರ‍್ಯಾಮ್‌ನಲ್ಲಿ ಸೊನ್ನೆ ಇರಬೇಕು.

ಒಂದನ್ನು ಮಾತ್ರ ಮೊದಲು ಪಕ್ಕಾ ಮಾಡಿಕೊಳ್ಳಿ. ಬಯಾಸ್‌ನಲ್ಲಿ ‘ಎಕ್ಸ್‌ಎಂಪಿ’ ಅಥವಾ ‘ಎಕ್ಸ್‌ಪೋ’ ಎಂಬುದು ಆನ್ ಇದ್ದರೆ ರ‍್ಯಾಮ್ ತನ್ನ ಸಾಮಾನ್ಯ ವೇಗಕ್ಕಿಂತ ಜೋರಾಗಿ ಓಡುತ್ತಿರುತ್ತದೆ. ಅದನ್ನು ಆಫ್ ಮಾಡಿ ಮತ್ತೊಮ್ಮೆ ಪರೀಕ್ಷಿಸಿ. ತಪ್ಪುಗಳೆಲ್ಲ ಮಾಯವಾದರೆ ಪಟ್ಟಿ ಸತ್ತಿಲ್ಲ, ಆ ವೇಗ ಅದಕ್ಕೋ ನಿಮ್ಮ ಬೋರ್ಡಿಗೋ ಒಗ್ಗುತ್ತಿಲ್ಲ ಅಷ್ಟೆ. ಹಾಗೇ ಇಟ್ಟುಕೊಂಡು ದುಡ್ಡು ಉಳಿಸಬಹುದು.

## ಬಲ್ಬ್ ಹೋಯಿತಾ, ಹೋಲ್ಡರ್ ಹೋಯಿತಾ

ಪರೀಕ್ಷೆ ‘ತಪ್ಪಿದೆ’ ಅನ್ನುತ್ತದೆ, ಯಾವ ಪಟ್ಟಿ ಅಂತ ಸಾಮಾನ್ಯವಾಗಿ ಹೇಳುವುದಿಲ್ಲ. ಪಟ್ಟಿ ಚೆನ್ನಾಗಿದ್ದು ಅದು ಕೂರುವ ಸ್ಲಾಟ್ ಕೆಟ್ಟಿರಲೂಬಹುದು. ಮನೆಯಲ್ಲಿ ದೀಪ ಹತ್ತದಿದ್ದರೆ ಏನು ಮಾಡುತ್ತೇವೆ? ಆ ಬಲ್ಬನ್ನು ಬೇರೆ ಹೋಲ್ಡರ್‌ಗೆ ಹಾಕಿ ನೋಡುತ್ತೇವೆ. ಇಲ್ಲೂ ಅದೇ.

ಕಂಪ್ಯೂಟರ್ ಶಟ್‌ಡೌನ್ ಮಾಡಿ, ಸ್ವಿಚ್ ಆಫ್ ಮಾಡಿ, ಹಿಂದಿನ ಪವರ್ ವೈರ್ ಕಿತ್ತುಬಿಡಿ. ಆಮೇಲೆ ಪವರ್ ಬಟನ್ ಒಂದೈದು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ನಾವೆಲ್ಲ ‘ಸಿಪಿಯು’ ಅಂತ ಕರೆಯುವ ಆ ಡಬ್ಬವನ್ನು ಮೇಜಿನ ಮೇಲೆ ಮಲಗಿಸಿ. ಮುಂದಿನಿಂದ ನೋಡಿದಾಗ ಎಡಗಡೆಯ ಹಲಗೆ ತೆಗೆಯಬೇಕು, ಹೆಚ್ಚಿನವುಗಳಲ್ಲಿ ಹಿಂದೆ ಎರಡು ಸ್ಕ್ರೂ ಇರುತ್ತವೆ.

ಒಳಗೆ ಕೈ ಹಾಕುವ ಮೊದಲು ಡಬ್ಬದ ಬಣ್ಣವಿಲ್ಲದ ಕಬ್ಬಿಣದ ಭಾಗ ಮುಟ್ಟಿ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಚಟ ಅನ್ನುತ್ತದಲ್ಲ, ಆ ಸ್ಥಾಯಿ ವಿದ್ಯುತ್ ಚಿಪ್‌ಗೆ ಹೊಡೆದರೆ ನಮಗೆ ಗೊತ್ತೇ ಆಗದ ಹಾಗೆ ಅದನ್ನು ಹಾಳು ಮಾಡುತ್ತದೆ. ಒಣ ಹವೆಯಲ್ಲಿ ಇದು ಹೆಚ್ಚು, ವಿಜಯಪುರ ಕಲಬುರಗಿ ಕಡೆಯವರು ನೆನಪಿಡಿ. ಪಟ್ಟಿಯನ್ನು ಅಂಚು ಹಿಡಿದೇ ಎತ್ತಬೇಕು, ಬಂಗಾರದ ಬಣ್ಣದ ಹಲ್ಲುಗಳನ್ನೂ ಕಪ್ಪು ಚಿಪ್‌ಗಳನ್ನೂ ಮುಟ್ಟಬಾರದು.

ಪಟ್ಟಿಗಳು ಪ್ರೊಸೆಸರ್ ಫ್ಯಾನ್ ಪಕ್ಕದಲ್ಲಿ ಸಾಲಾಗಿ ನಿಂತಿರುತ್ತವೆ. ಮುಟ್ಟುವ ಮೊದಲು ಒಂದು ಫೋಟೊ ತೆಗೆಯಿರಿ. ತುದಿಯಲ್ಲಿರುವ ಕೊಂಡಿಯನ್ನು ಹೊರಗೆ ಒತ್ತಿದರೆ ಪಟ್ಟಿ ಮೇಲೆದ್ದು ಬರುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಎರಡೂ ತುದಿಗೆ ಕೊಂಡಿ, ಕೆಲವದರಲ್ಲಿ ಒಂದೇ ತುದಿಗೆ.

ಮೊದಲು ತೆಗೆದು ಮತ್ತೆ ಸರಿಯಾಗಿ ಕೂರಿಸಿ ಒಮ್ಮೆ ಪರೀಕ್ಷಿಸಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಹಲ್ಲುಗಳ ಮೇಲೆ ಪೊರೆಯಂಥದ್ದು ಕೂತು ಸಂಪರ್ಕ ತಪ್ಪುತ್ತದೆ. ನಮ್ಮಲ್ಲಿ ಎಲ್ಲರೂ ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ಕೆಲಸ ಆಗುತ್ತದೆ, ಆದರೆ ಮೇಲಿನ ಬಂಗಾರದ ಲೇಪನ ತುಂಬಾ ತೆಳು, ಜೋರಾಗಿ ಉಜ್ಜಿದರೆ ಅದೂ ಹೋಗುತ್ತದೆ, ರಬ್ಬರಿನ ಪುಡಿ ಸ್ಲಾಟ್ ಒಳಗೆ ಬಿದ್ದರೆ ಹೊಸ ತಲೆನೋವು. ಐಸೊಪ್ರೊಪೈಲ್ ಆಲ್ಕೊಹಾಲ್ ಅನ್ನು ನಾರು ಬಿಡದ ಬಟ್ಟೆಗೆ ಹಚ್ಚಿ ಒರೆಸಿ ಒಣಗಲು ಬಿಡುವುದು ಒಳ್ಳೆಯ ದಾರಿ.

ಇನ್ನೂ ತಪ್ಪು ಬರುತ್ತಿದ್ದರೆ ಬಲ್ಬ್ ಹೋಲ್ಡರ್ ಲೆಕ್ಕ ಶುರು. ಒಂದೇ ಪಟ್ಟಿ ಹಾಕಿ ಮೆಮ್‌ಟೆಸ್ಟ್ ನಡೆಸಿ. ಅದನ್ನು ತೆಗೆದು ಅದೇ ಸ್ಲಾಟ್‌ಗೆ ಇನ್ನೊಂದು ಪಟ್ಟಿ ಹಾಕಿ ನಡೆಸಿ. ಒಂದರಲ್ಲಿ ತಪ್ಪು, ಇನ್ನೊಂದರಲ್ಲಿ ಇಲ್ಲ ಅಂದರೆ, ತಪ್ಪು ಬಂದ ಪಟ್ಟಿಯನ್ನು ಬೇರೆ ಸ್ಲಾಟ್‌ಗೆ ಹಾಕಿ ಇನ್ನೊಮ್ಮೆ ನೋಡಿ. ಅಲ್ಲೂ ತಪ್ಪು ಬಂದರೆ ಪಟ್ಟಿಯೇ ಕೆಟ್ಟಿದೆ. ಯಾವ ಪಟ್ಟಿ ಹಾಕಿದರೂ ಒಂದೇ ಸ್ಲಾಟ್‌ನಲ್ಲಿ ಮಾತ್ರ ತಪ್ಪು ಬರುತ್ತಿದ್ದರೆ ಸ್ಲಾಟ್ ಅಥವಾ ಬೋರ್ಡ್ ಕೆಟ್ಟಿದೆ, ಹೊಸ ರ‍್ಯಾಮ್ ತಂದರೆ ಉಪಯೋಗವಿಲ್ಲ. ಎಲ್ಲ ಪಟ್ಟಿಯಲ್ಲೂ ಎಲ್ಲ ಸ್ಲಾಟ್‌ನಲ್ಲೂ ತಪ್ಪು ಅಂದರೆ ಎರಡು ಪಟ್ಟಿ ಒಟ್ಟಿಗೆ ಕೆಡುವುದು ಅಪರೂಪ, ಎಸ್‌ಎಂಪಿಎಸ್, ಬೋರ್ಡ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು. ಪಟ್ಟಿಗಳ ಮೇಲೆ ಸಣ್ಣ ಚೀಟಿ ಅಂಟಿಸಿ ಅ, ಆ ಅಂತ ಬರೆದುಕೊಳ್ಳಿ. ನೋಡಲು ಒಂದೇ ಥರ ಇರುತ್ತವೆ, ಮೂರನೇ ಸುತ್ತಿಗೆ ಯಾವುದು ಯಾವುದು ಅಂತ ಮರೆತೇಹೋಗುತ್ತದೆ.

ಮಾವನ ಕಂಪ್ಯೂಟರಿನಲ್ಲಿ ‘ಆ’ ಪಟ್ಟಿ ಎರಡು ಸ್ಲಾಟ್‌ನಲ್ಲೂ ಕೆಂಪು ಸಾಲು ತೋರಿಸಿತು. ‘ಅ’ ಎರಡರಲ್ಲೂ ಶುದ್ಧ. ಅವತ್ತೇ ‘ಅ’ ಒಂದನ್ನೇ ಹಾಕಿ ಅಂಗಡಿ ನಡೆಸಿದರು, ಸ್ವಲ್ಪ ನಿಧಾನ ಆಯಿತು, ಆದರೆ ನಿಲ್ಲಲಿಲ್ಲ.

## ಹೊಸ ಪಟ್ಟಿ ತರುವಾಗ

ಮೊದಲು ವಾರಂಟಿ ನೋಡಿ. ರ‍್ಯಾಮ್‌ಗೆ ಹಲವು ಕಂಪನಿಗಳು ತುಂಬಾ ವರ್ಷಗಳ ವಾರಂಟಿ ಕೊಡುತ್ತವೆ, ಜನ ಅದನ್ನು ಮರೆತು ಹೊಸದು ಕೊಳ್ಳುತ್ತಾರೆ. ಬಿಲ್ ಹುಡುಕಿ. ಪಟ್ಟಿಯ ಮೇಲಿನ ಸ್ಟಿಕ್ಕರ್ ಕೀಳಬೇಡಿ, ಸೀರಿಯಲ್ ನಂಬರ್ ಇರುವುದು ಅದರಲ್ಲೇ. ಮೆಮ್‌ಟೆಸ್ಟ್‌ನ ಕೆಂಪು ಸಾಲುಗಳ ಫೋಟೊ ಇದ್ದರೆ ಮಾತು ಸುಲಭ. ಎರಡೆರಡು ಜೋಡಿಯಾಗಿ ಒಂದೇ ಡಬ್ಬಿಯಲ್ಲಿ ಬಂದ ಪಟ್ಟಿಗಳಾದರೆ ಎರಡನ್ನೂ ಕಳಿಸಿ ಅನ್ನಬಹುದು, ಮೊದಲೇ ಕೇಳಿಕೊಳ್ಳಿ.

ಕೊಳ್ಳಲೇಬೇಕು ಅಂದರೆ ತಲೆಮಾರು ಹೊಂದಬೇಕು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡಿಡಿಆರ್3ಕ್ಕೆ 240 ಹಲ್ಲು, ಉಳಿದೆರಡಕ್ಕೂ 288. ಅಂಚಿನಲ್ಲಿರುವ ಕಚ್ಚಿನ ಜಾಗವೂ ಮೂರಕ್ಕೂ ಬೇರೆ ಬೇರೆ, ತಪ್ಪು ಪಟ್ಟಿ ಒಳಗೆ ಹೋಗದಿರಲಿ ಅಂತಲೇ ಹಾಗೆ ಮಾಡಿದ್ದಾರೆ. ಬೇಕಾಗುವ ವೋಲ್ಟೇಜೂ ಬೇರೆ: ಮಾಮೂಲು ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ಲ್ಯಾಪ್‌ಟಾಪ್ ಪಟ್ಟಿ ಗಾತ್ರದಲ್ಲೇ ಚಿಕ್ಕದು, ಡೆಸ್ಕ್‌ಟಾಪ್‌ಗೆ ಆಗುವುದಿಲ್ಲ. ನಿಮ್ಮಲ್ಲಿ ಯಾವುದಿದೆ ಅಂತ ಪಟ್ಟಿಯ ಸ್ಟಿಕ್ಕರ್ ಹೇಳುತ್ತದೆ, ಇಲ್ಲವೇ ‘ಸಿಪಿಯು-ಝಡ್’ ಎಂಬ ಪುಕ್ಕಟೆ ಪ್ರೋಗ್ರಾಂ ಹೇಳುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಪಟ್ಟಿ ಜೇಬಿನಲ್ಲಿ ಹಾಕಿಕೊಳ್ಳದೆ ಅದರ ಫೋಟೊ ತಗೊಂಡು ಹೋದರೂ ಸಾಕು.

ವೇಗ ಬೇರೆ ಇರುವ ಎರಡು ಪಟ್ಟಿ ಹಾಕಿದರೆ ಎರಡೂ ನಿಧಾನದ್ದರ ವೇಗದಲ್ಲೇ ಓಡುತ್ತವೆ, ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಬೇರೆ ಬೇರೆ ಕಂಪನಿಯವು ಒಮ್ಮೊಮ್ಮೆ ಜೊತೆಗೆ ಹೊಂದುವುದೇ ಇಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಹಳೆಯ ಪಟ್ಟಿ ಸಿಗುತ್ತದೆ, ಡಿಡಿಆರ್3 ಕಂಪ್ಯೂಟರ್ ಇರುವವರಿಗೆ ಅದೂ ಒಂದು ದಾರಿ. ತಪ್ಪಿಲ್ಲ, ‘ತೊಂದರೆ ಬಂದರೆ ಬದಲಿಸಿ ಕೊಡುತ್ತೀರಾ’ ಅಂತ ಕೇಳಿ, ಎಷ್ಟು ದಿನ ಅನ್ನುವುದನ್ನು ಬಿಲ್‌ನಲ್ಲಿ ಬರೆಸಿಕೊಂಡು ಅವತ್ತೇ ರಾತ್ರಿ ಮೆಮ್‌ಟೆಸ್ಟ್ ಹಚ್ಚಿ.

## ಕೂರಿಸಿದ ಮೇಲೆ

ಕಚ್ಚು ಮತ್ತು ಸ್ಲಾಟ್‌ನ ಉಬ್ಬು ಎದುರು ಬದುರು ಬರುವಂತೆ ಹಿಡಿದು, ಎರಡು ತುದಿಯನ್ನೂ ಹೆಬ್ಬೆರಳಿನಿಂದ ಸಮನಾಗಿ ಒತ್ತಿ. ಟಕ್ ಅಂತ ಸದ್ದಾಗಿ ಕೊಂಡಿ ತಾನೇ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಬಲ ಬೇಕು. ಆದರೆ ಎಷ್ಟು ಒತ್ತಿದರೂ ಇಳಿಯುತ್ತಿಲ್ಲ ಅಂದರೆ ನಿಲ್ಲಿಸಿ, ತಿರುಗಿಸಿ ಹಿಡಿದಿರಬಹುದು. ನಾಲ್ಕು ಸ್ಲಾಟ್ ಇರುವ ಬೋರ್ಡಿಗೆ ಎರಡು ಪಟ್ಟಿ ಹಾಕುವುದಾದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಸರಿ. ಆಗ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಓದುತ್ತದೆ, ಎರಡು ನಲ್ಲಿಯಿಂದ ಬಕೆಟ್ ತುಂಬಿದ ಹಾಗೆ.

ಡಿಡಿಆರ್5 ಬೋರ್ಡಾದರೆ ಒಂದು ಎಚ್ಚರ. ಹೊಸ ಪಟ್ಟಿ ಹಾಕಿ ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ಅದನ್ನು ಅರಿತುಕೊಳ್ಳಲು ಕೆಲವು ನಿಮಿಷ ತಗೊಳ್ಳಬಹುದು, ಅಷ್ಟು ಹೊತ್ತು ಪರದೆ ಕಪ್ಪಾಗೇ ಇರುತ್ತದೆ. ಗಾಬರಿಯಾಗಿ ಆಫ್ ಮಾಡಬೇಡಿ, ಚಹಾ ಕುಡಿದು ಬನ್ನಿ.

ಶುರುವಾದ ಮೇಲೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಪೂರ್ತಿ ಜಿಬಿ ಕಾಣುತ್ತಿದೆಯಾ ನೋಡಿ. ಹೊಸ ಪಟ್ಟಿಗೂ ಒಂದು ರಾತ್ರಿ ಪರೀಕ್ಷೆ ಮಾಡಿ, ಹೊಸದೂ ಕೆಟ್ಟು ಬಂದಿರಬಹುದು. ಆಮೇಲೆ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನ್ ಆಗಿ ತೆರೆದು ‘sfc /scannow’ ಆದೇಶ ಕೊಟ್ಟರೆ ಕೆಟ್ಟ ದಿನಗಳಲ್ಲಿ ಹಾಳಾದ ವಿಂಡೋಸ್ ಫೈಲ್‌ಗಳನ್ನು ಅದು ಹುಡುಕಿ ಸರಿಮಾಡುತ್ತದೆ. ನಿಮ್ಮ ಸ್ವಂತ ಫೈಲ್‌ಗಳನ್ನು ಮಾತ್ರ ನೀವೇ ತೆರೆದು ನೋಡಬೇಕು.

ಮಾವನ ‘ಆ’ ಪಟ್ಟಿಗೆ ವಾರಂಟಿ ಇತ್ತು. ಬಿಲ್ ಒಂದು ಹಳೆಯ ಲಗ್ನಪತ್ರಿಕೆ ಸ್ಯಾಂಪಲ್ ಫೈಲಿನ ಒಳಗೆ ಸಿಕ್ಕಿತು. ಬದಲಿ ಪಟ್ಟಿ ಬಂದ ದಿನ ಅವರೇ ಕೈಯಾರೆ ಕೂರಿಸಿದರು, ನಾನು ಫೋನಿನಲ್ಲಿ ಹೇಳುತ್ತಿದ್ದೆ. ಟಕ್ ಅಂದ ಸದ್ದು ಇಲ್ಲಿಗೂ ಕೇಳಿಸಿತು. ಆ ವಾರವೆಲ್ಲ ಅವರು ರಾತ್ರಿ ಕೂತು, ಪರದೆ ನೀಲಿಯಾಗುತ್ತಿದ್ದ ದಿನಗಳಲ್ಲಿ ಸೇವ್ ಮಾಡಿದ್ದ ಫೈಲ್‌ಗಳನ್ನು ಒಂದೊಂದೇ ತೆರೆದು ಓದಿದರು. ನಾಲ್ಕು ತೆರೆಯಲೇ ಇಲ್ಲ, ಅವನ್ನು ಗಿರಾಕಿಗಳ ಹತ್ತಿರ ಇದ್ದ ಅಚ್ಚಿನ ಪ್ರತಿ ನೋಡಿ ಮತ್ತೆ ಟೈಪ್ ಮಾಡಿದರು.